ಕಾನ್ವೆಂಟ್ ಹುಡುಗಿಯರ ಸೇವಾ ಸಂಘ: ಜೂನ್‌ನಿಂದ ಮಾರ್ಚ್‌ವರೆಗೆ ನಡೆಸುವ ಬಗೆ

ಸಿಸ್ಟರುಗಳು ನಡೆಸುವ ಹುಡುಗಿಯರ ಹೈಸ್ಕೂಲಿಗೆ ಹೊಸದಾಗಿ ಸೇರಿದ ಟೀಚರಿಗೆ ಮೊದಲ ವರ್ಷವೇ ಒಂದು ಕೆಲಸ ಗಂಟುಬೀಳುತ್ತದೆ: ಹುಡುಗಿಯರೇ ದುಡ್ಡು, ಅಕ್ಕಿ, ಬಟ್ಟೆ ಕೂಡಿಸಿ ಕಷ್ಟದಲ್ಲಿರುವವರಿಗೆ ಕೊಡುವ ಸೇವಾ ಸಂಘ. ಹಳಬರು ಯಾರೂ ಒಪ್ಪುವುದಿಲ್ಲ, ಹೊಸಬರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ನನಗೂ ಹಾಗೆಯೇ ಬಂತು. ದಕ್ಷಿಣ ಕನ್ನಡದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆ, ನಾನು ಕ್ರೈಸ್ತಳೂ ಅಲ್ಲ. ಒಂದು ವರ್ಷಕ್ಕೆಂದು ಹಿಡಿದದ್ದು ನಿವೃತ್ತಿಯ ತನಕ ಕೈಬಿಡಲಿಲ್ಲ.

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಎರಡನೇ ವರ್ಷ ಊರಿನ ಒಂದು ಸಂಸ್ಥೆಯವರು ನೋಟ್‌ಬುಕ್ ಕೊಟ್ಟರು. ಅಸೆಂಬ್ಲಿಯಲ್ಲಿ ಹದಿನಾಲ್ಕು ಹುಡುಗಿಯರ ಹೆಸರು ಕರೆದು, ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ, ಫೋಟೊ ತೆಗೆಸಿ ಹಂಚಿದೆವು. ಪ್ರತಿ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ನೇರಳೆ ಶಾಯಿಯ ದೊಡ್ಡ ಸೀಲು: ‘ಉಚಿತ ವಿತರಣೆ’. ಹದಿನೈದು ದಿನ ಕಳೆದು ಒಂಬತ್ತನೇ ಕ್ಲಾಸಿನ ನೋಟ್ಸ್ ತಿದ್ದುವಾಗ ಒಬ್ಬಳ ಪುಸ್ತಕದ ಕೊನೆಯ ಹಾಳೆ ಕಳಚಿ ನನ್ನ ಮಡಿಲಿಗೆ ಬಿತ್ತು. ನಡುವೆ ಪಿನ್ನು ಹೊಡೆದ ನೋಟ್‌ಬುಕ್ಕಿನಲ್ಲಿ ಮೊದಲ ಹಾಳೆ ಹರಿದರೆ ಅದರ ಜೋಡಿ ಕೊನೆಯ ಹಾಳೆ ನಿಲ್ಲುವುದಿಲ್ಲ. “ಹಾಳೆ ಹರಿದು ರಾಕೆಟ್ ಮಾಡ್ಲಿಕ್ಕೆ ಕೊಟ್ಟದ್ದಾ ಇದು?” ಎಂದು ಬೈದೆ. ಅವಳು ತಲೆ ಎತ್ತಲಿಲ್ಲ. ಉಳಿದ ವಿಷಯಗಳ ಪುಸ್ತಕ ತರಿಸಿ ನೋಡಿದರೆ ಆರಕ್ಕೆ ಆರೂ ಹಾಗೆಯೇ. ಸೀಲಿದ್ದ ಹಾಳೆಯನ್ನು ಸ್ಕೇಲು ಇಟ್ಟು ನಾಜೂಕಾಗಿ ತೆಗೆದಿದ್ದಳು.

ಬೇರೆ ಕಡೆ ದಾನ ಕೊಡುವವರು ಒಂದು ಊರಿನಲ್ಲಿ, ತೆಗೆದುಕೊಳ್ಳುವವರು ಇನ್ನೊಂದು ಕಡೆ ಇರುತ್ತಾರೆ. ನಮ್ಮ ಶಾಲೆಗಳಲ್ಲಿ ಇಬ್ಬರೂ ಒಂದೇ ಬೆಂಚಿನವರು. ಒಟ್ಟಿಗೆ ಬುತ್ತಿ ಬಿಚ್ಚುತ್ತಾರೆ, ಒಬ್ಬಳ ರಿಬ್ಬನ್ ಇನ್ನೊಬ್ಬಳು ಕಟ್ಟುತ್ತಾಳೆ. ಈ ಇಬ್ಬರಲ್ಲಿ ಯಾರು ಯಾವಳೆಂದು ಮೂರನೆಯವಳಿಗೆ ತಿಳಿಯದ ಹಾಗೆ ವರ್ಷವಿಡೀ ಸಂಘ ನಡೆಸುವುದು ಹೇಗೆ ಎಂಬುದಷ್ಟೇ ಇಲ್ಲಿ ಹೇಳುತ್ತೇನೆ.

ಜೂನ್: ಸದಸ್ಯರು ಮತ್ತು ಪಟ್ಟಿ

ಸಂಘಕ್ಕೆ ಹತ್ತು ಹನ್ನೆರಡು ಹುಡುಗಿಯರು ಸಾಕು. ಸ್ಟೇಜಿನಲ್ಲಿ ಚೆನ್ನಾಗಿ ಭಾಷಣ ಮಾಡುವವರನ್ನು ಬೇರೆಯವರು ಕರೆದುಕೊಂಡು ಹೋಗಲಿ. ನಿಮಗೆ ಬೇಕಾದವಳು ತರಗತಿಯಲ್ಲಿ ಯಾರಿಗೆ ಜ್ವರ, ಯಾರು ಬಸ್ಸು ಬಿಟ್ಟು ನಡೆದು ಬಂದರು ಎಂದು ತಿಳಿದಿರುವ, ಬಾಯಿ ಭದ್ರವಿರುವ ಹುಡುಗಿ. ಅಂಥವಳು ಸಾಮಾನ್ಯವಾಗಿ ಮೂರನೇ ಬೆಂಚಿನಲ್ಲಿರುತ್ತಾಳೆ. ಬೋರ್ಡಿಂಗ್‌ನಿಂದ ಇಬ್ಬರಾದರೂ ಬೇಕು. ಮನೆಯಿಂದ ಬರುವವರಿಗೆ ಬೋರ್ಡಿಂಗ್ ಮಕ್ಕಳ ಕಷ್ಟ ಅರ್ಥವಾಗಲು ತುಂಬ ಸಮಯ ಹಿಡಿಯುತ್ತದೆ. ಎಲ್ಲ ಜಾತಿ ಧರ್ಮದವರೂ ಇರಲಿ. ಮುಖ್ಯವಾಗಿ, ಸಹಾಯ ಪಡೆಯುವ ಹುಡುಗಿಯರಲ್ಲೂ ಮೂರ್ನಾಲ್ಕು ಮಂದಿ ಸಂಘದಲ್ಲಿರಲಿ. ಅಕ್ಕಿ ಅಳೆಯುವವಳೇ ಸಂಜೆ ಅಕ್ಕಿ ಒಯ್ಯುವವಳೂ ಆಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

“ಯಾರ ಮನೆಯಲ್ಲಿ ಕಷ್ಟ ಉಂಟು, ಕೈ ಎತ್ತಿ” ಎಂದು ಕೇಳಬೇಡಿ. ನಗಬೇಡಿ, ಹೀಗೆ ಕೇಳುವ ಟೀಚರುಗಳನ್ನು ನಾನು ಕಂಡಿದ್ದೇನೆ. ಪಟ್ಟಿ ತಾನಾಗಿ ಸಿಗುವ ಜಾಗಗಳಿವೆ. ಹಾಜರಿ ಪುಸ್ತಕ ನೋಡಿ: ಪ್ರತಿ ವಾರ ಒಂದೇ ದಿನ ತಪ್ಪಿಸುವವಳ ತಾಯಿ ಬೀಡಿ ಕಟ್ಟುವವಳಾಗಿರಬಹುದು, ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹಿಂದಿನ ದಿನ ಮಗಳೂ ಕೂತು ಕಟ್ಟಬೇಕಾಗುತ್ತದೆ. ಬಿಸಿಯೂಟದ ಸಾಲಿನಲ್ಲಿ ಎರಡನೇ ಸಲ ಅನ್ನಕ್ಕೆ ಬರುವವಳನ್ನು ಗಮನಿಸಿ. ಮಳೆಗಾಲದಲ್ಲಿ ಒದ್ದೆ ಲಂಗದಲ್ಲೇ ಎರಡು ದಿನ ಬಂದವಳ ಬಳಿ ಇನ್ನೊಂದು ಜೊತೆ ಯೂನಿಫಾರ್ಮ್ ಇಲ್ಲ. ಹೊಲಿಗೆ ಕ್ಲಾಸಿನ ಟೀಚರಿಗೆ ಇದೆಲ್ಲ ನಿಮಗಿಂತ ಮೊದಲೇ ಗೊತ್ತಿರುತ್ತದೆ. ಮೂರು ವಾರದಲ್ಲಿ ಪಟ್ಟಿ ತಯಾರಾಗುತ್ತದೆ. ಅದು ಒಂದೇ ಪ್ರತಿ ಇರಲಿ, ಹೆಡ್‌ಮಿಸ್ಟ್ರೆಸ್ ಸಿಸ್ಟರರ ಕಪಾಟಿನಲ್ಲಿ. ನಿಮ್ಮ ಪುಸ್ತಕದಲ್ಲಿ ಹೆಸರಿನ ಬದಲು ನಂಬರ್ ಮಾತ್ರ.

ಕ್ಲಾಸಿನ ಡಬ್ಬ

ಕಾನ್ವೆಂಟ್ ಶಾಲೆಯ ಕಿಟಕಿಯ ಮೇಲಿರುವ ನಾಣ್ಯದ ಡಬ್ಬಕ್ಕೆ ದೊಡ್ಡ ವಂಶಾವಳಿ ಇದೆ. 1843ರಲ್ಲಿ ಫ್ರಾನ್ಸಿನ ನಾನ್ಸಿಯ ಬಿಷಪ್ ಷಾರ್ಲ್ ದ ಫೋರ್ಬಿನ್-ಜಾನ್ಸನ್ ಅಲ್ಲಿನ ಮಕ್ಕಳ ಬಳಿ ದೂರದ ಮಕ್ಕಳಿಗಾಗಿ ದಿನಕ್ಕೊಂದು ನಮೋ ಮರಿಯ ಪ್ರಾರ್ಥನೆ, ತಿಂಗಳಿಗೊಂದು ಪುಡಿಗಾಸು ಕೇಳಿದರು. ಮಕ್ಕಳೇ ಮಕ್ಕಳಿಗೆ ಕೊಡುವ ಆ ಸಂಘ ಲೋಕವಿಡೀ ಹರಡಿತು. ಮಂಗಳೂರಿಗೆ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದದ್ದೂ ಫ್ರಾನ್ಸಿನ ಬಯೋನ್‌ನಿಂದಲೇ, 1870ರಲ್ಲಿ. 1921ರಲ್ಲಿ ಪಾದ್ರಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಮಂಗಳೂರಿನ ಬೆಂದೂರಿನಲ್ಲಿ ಬೆಥನಿ ಸಿಸ್ಟರುಗಳ ಸಭೆ ಕಟ್ಟಿದರು, ಹಳ್ಳಿ ಹುಡುಗಿಯರಿಗೆ ಕಲಿಸುವ ಕೆಲಸ ಇನ್ನಷ್ಟು ಒಳನಾಡಿಗೆ ಹೋಯಿತು. ತಿಂಗಳಿಗೊಂದು ಕಾಸು ಎಂಬ ಅಳತೆಯೇ ಈ ಇಡೀ ಏರ್ಪಾಡಿನ ಜಾಣತನ. ಅದು ಎಲ್ಲರ ಕೈಗೂ ಎಟುಕುತ್ತದೆ.

ನಾವು ಕೆಡಿಸುವುದು ಅಲ್ಲೇ. ಯಾವ ಕ್ಲಾಸಿನ ಡಬ್ಬ ಹೆಚ್ಚು ತುಂಬಿತು ಎಂದು ಪಂದ್ಯ ಇಡುತ್ತೇವೆ, ಗೆದ್ದ ಕ್ಲಾಸಿಗೆ ಶೀಲ್ಡ್ ಕೊಡುತ್ತೇವೆ. ಮರುದಿನದಿಂದ ಲೀಡರ್ ಹುಡುಗಿ ಬಾಗಿಲಲ್ಲಿ ನಿಂತು ವಸೂಲಿಗೆ ತೊಡಗುತ್ತಾಳೆ. ಪಂದ್ಯ ಬೇಡ. ಡಬ್ಬಕ್ಕೆ ಕಿರಿದಾದ ಬಾಯಿ ಇರಲಿ, ಹೊರಗಿನಿಂದ ಕಾಣದ ತಗಡಿನದ್ದಾಗಿರಲಿ. ತಿಂಗಳ ಮೊದಲ ಶುಕ್ರವಾರ ಎಲ್ಲ ಕ್ಲಾಸಿನ ಡಬ್ಬಗಳನ್ನೂ ಒಂದೇ ಚಾಪೆಯ ಮೇಲೆ ಸುರಿದು ಒಟ್ಟಿಗೇ ಎಣಿಸಿ.

ಹಿಡಿ ಅಕ್ಕಿಗೂ ಇದೇ ನೀತಿ. ವಾರಕ್ಕೊಮ್ಮೆ ಒಂದು ಹಿಡಿ, ಅದಕ್ಕಿಂತ ಹೆಚ್ಚು ತಂದರೆ ವಾಪಸ್. ಕರಾವಳಿಯವರು ಮರೆಯಬಾರದ ಸಂಗತಿ ಒಂದುಂಟು: ಕುಚ್ಚಲಕ್ಕಿಗೂ (ಭತ್ತ ಬೇಯಿಸಿ ಒಣಗಿಸಿ ಮಾಡಿದ್ದು) ಬೆಳ್ತಿಗೆ ಅಕ್ಕಿಗೂ (ಬೇಯಿಸದ ಬಿಳಿ ಅಕ್ಕಿ) ಬೇರೆ ಬೇರೆ ಡ್ರಮ್ ಇಡಿ. ಮೊದಲ ತಿಂಗಳು ನಾವು ಒಂದೇ ಡ್ರಮ್ಮಿಗೆ ಸುರಿದೆವು. ಬೆಳ್ತಿಗೆ ಗಂಜಿಯಾಗಿ ಕರಗಿದ ಮೇಲೂ ಕುಚ್ಚಲು ಹಲ್ಲಿಗೆ ಸಿಗುತ್ತಿತ್ತಂತೆ. ಒಯ್ದ ಮನೆಯವರು ಏನೂ ಹೇಳಲಿಲ್ಲ, ಬೋರ್ಡಿಂಗ್ ಅಡಿಗೆಯ ಬಾಯಮ್ಮ ನನ್ನನ್ನು ಕರೆದು ಮುಖಕ್ಕೇ ಹೇಳಿದರು. ಅಂದಿನಿಂದ ಎರಡು ಡ್ರಮ್, ಎರಡು ಮುಚ್ಚಳ, ಹುಳ ಬಾರದಂತೆ ಒಣಮೆಣಸು.

ಲೆಕ್ಕ

ಇದನ್ನು ಚುಟುಕಾಗಿ ಮುಗಿಸುತ್ತೇನೆ, ಆದರೆ ಜಗಳವೆಲ್ಲ ಹುಟ್ಟುವುದು ಇಲ್ಲಿ. ಎಣಿಸುವಾಗ ಇಬ್ಬರು ದೊಡ್ಡವರು, ಇಬ್ಬರು ಹುಡುಗಿಯರು ಇರಲಿ, ನಾಲ್ವರ ಸಹಿಯೂ ಬೀಳಲಿ. ದುಡ್ಡು ಶಾಲೆಯ ಹೆಸರಿನ ಬ್ಯಾಂಕ್ ಖಾತೆಗೆ ಹೋಗಲಿ, ನಿಮ್ಮ ಫೋನಿನ ಯುಪಿಐಗೆ ಒಂದು ರೂಪಾಯಿಯೂ ಬೀಳದಿರಲಿ. ಹೊರಗಿನವರು ದಾನ ಕೊಟ್ಟರೆ ರಸೀದಿ ಕೊಡಿ. ಆಡಳಿತ ಟ್ರಸ್ಟಿಗೆ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗುವುದಿಲ್ಲ, ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಆಗಬೇಕು ಎಂದು ಮೊದಲೇ ತಿಳಿಸಿ. ಬಂದದ್ದು, ಖರ್ಚಾದದ್ದು ತಿಂಗಳಿಗೊಮ್ಮೆ ನೋಟೀಸ್ ಬೋರ್ಡಿನಲ್ಲಿ ಕಾಣಲಿ. ಯಾರಿಗೆ ಎಂಬುದು ಮಾತ್ರ ಅಲ್ಲಿರಬಾರದು. ‘ಕನ್ನಡಕ, ಒಂದು’ ಎಂದರೆ ಸಾಕು. ತೀರಾ ಚಿಕ್ಕ ಶಾಲೆಯಾದರೆ ಅದನ್ನೂ ಬರೆಯಬೇಡಿ, ಮರುದಿನ ಹೊಸ ಕನ್ನಡಕ ಹಾಕಿಕೊಂಡು ಬಂದವಳು ಒಬ್ಬಳೇ ಇರುತ್ತಾಳೆ.

ಹಬ್ಬ, ಬರ್ತ್‌ಡೇ, ಪ್ರಾರ್ಥನೆ

ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಕರಾವಳಿಯ ಕಾನ್ವೆಂಟ್ ಶಾಲೆಗಳ ಅತ್ಯಂತ ಚಂದದ ದಿನ. ಅದಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ಬಾಲಮರಿಯಳಿಗೆ ಹೂ ತರುತ್ತಾರೆ. ದಾಸವಾಳ, ರತ್ನಗಂಧಿ, ಗುಡ್ಡದ ಕಾಡು ಹೂ ಏನಾದರೂ ಸರಿ. ಅಂಗಡಿಯ ಹೂ ತರಬಾರದೆಂಬ ಒಂದೇ ನಿಯಮ ಮಾಡಿ. ಹಿತ್ತಿಲಿಲ್ಲದ ಬಾಡಿಗೆ ಮನೆಯ ಹುಡುಗಿಗೂ ದಾರಿಬದಿಯ ಹೂ ಸಿಗುತ್ತದೆ. ನಮ್ಮಲ್ಲಿ ಮುಸ್ಲಿಂ ಹುಡುಗಿಯರೂ ಹಿಂದೂ ಹುಡುಗಿಯರೂ ಬುಟ್ಟಿ ತುಂಬಿಸುತ್ತಿದ್ದರು, ಯಾರೂ ಹೇಳಿಕೊಟ್ಟದ್ದಲ್ಲ.

ಹೂ ತರುವುದು ಬೇರೆ, ಪ್ರಾರ್ಥನೆ ಬೇರೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಸೇವಾ ಸಂಘಕ್ಕೆ ನಾನು ಇದಕ್ಕಿಂತ ಬಿಗಿಯಾದ ನಿಯಮ ಇಟ್ಟುಕೊಂಡಿದ್ದೆ: ಅಕ್ಕಿ, ಬಟ್ಟೆ, ಫೀಸು ಕೊಡುವ ದಿನ, ಕೊಡುವ ಕೋಣೆಯಲ್ಲಿ ಪ್ರಾರ್ಥನೆಯೇ ಇಲ್ಲ. ನಮ್ಮ ಸಿಸ್ಟರ್ ಮೊದಲು ಮುಖ ಸಣ್ಣ ಮಾಡಿದರು. ಆಮೇಲೆ, “ಟೀಚರ್, ನಾವು ಚಾಪೆಲಿನಲ್ಲಿ ಮಾಡ್ತೇವೆ, ನೀವು ಕೊಡಿ” ಎಂದರು. ಅಲ್ಲಿಗೆ ಮುಗಿಯಿತು.

ಬರ್ತ್‌ಡೇ ದಿನ ಬಣ್ಣದ ಡ್ರೆಸ್, ಇಡೀ ಕ್ಲಾಸಿಗೆ ಚಾಕಲೇಟ್ ಎಂಬ ಪದ್ಧತಿ ಇದ್ದರೆ ಅದನ್ನು ನಿಲ್ಲಿಸುವುದು ಸಂಘದ ದೊಡ್ಡ ಸೇವೆಯಾಗುತ್ತದೆ. ಬರ್ತ್‌ಡೇಗೆ ರಜೆ ಹಾಕುವ ಹುಡುಗಿಯರಿದ್ದಾರೆ. ತಿಂಗಳಿಗೊಂದು ದಿನ ಆ ತಿಂಗಳಲ್ಲಿ ಹುಟ್ಟಿದವರೆಲ್ಲ ಯೂನಿಫಾರ್ಮಿನಲ್ಲೇ ನಿಲ್ಲಲಿ, ಉಳಿದವರು ಹಾಡಲಿ. ಹೆಡ್‌ಮಿಸ್ಟ್ರೆಸ್ ಫೀಸ್ಟಿಗೆ, ಅಂದರೆ ಅವರ ಹೆಸರಿನ ಸಂತರ ಹಬ್ಬಕ್ಕೆ, ತಲಾ ಇಷ್ಟೆಂದು ದುಡ್ಡೆತ್ತುವುದನ್ನು ಸಿಸ್ಟರರೇ ಬೇಡವೆಂದರೆ ಒಳ್ಳೆಯದು. ಬಾಯಿಬಿಟ್ಟು ಹೇಳುವ ತನಕ ಅದು ನಿಲ್ಲುವುದಿಲ್ಲ.

ಫ್ಯಾನ್ಸಿ ಫೇರ್

ಇಗರ್ಜಿಯ (ಚರ್ಚಿನ) ಅಂಗಳದಲ್ಲಿ ಅಕ್ಟೋಬರಿನ ಕೊನೆಯಿಂದ ಎರಡನೇ ಭಾನುವಾರ ಮಿಶನ್ ಕೆಲಸಕ್ಕೆ ದುಡ್ಡೆತ್ತುವ ಮಿಶನ್ ಸಂಡೆ ನಡೆಯುತ್ತದೆ. 1926ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಶುರು ಮಾಡಿದ್ದು. ಮನೆಯಲ್ಲಿ ಬೆಳೆದ ಸಿಹಿಗುಂಬಳ, ಬಾಳೆಗೊನೆ, ಊರ ಕೋಳಿ ಎಲ್ಲ ಏಲಂಗೆ ಬರುತ್ತವೆ. ಐವತ್ತು ರೂಪಾಯಿಯ ಕುಂಬಳ ಐನೂರಕ್ಕೆ ಹೋಗಿ, ಕೊಂಡವರು ಅದನ್ನೇ ವಾಪಸ್ ಕೊಟ್ಟು ಮತ್ತೆ ಏಲಂ ಆಗುವುದೂ ಉಂಟು. ನಮ್ಮ ಶಾಲೆಯ ಫೇರು ಇದರದೇ ತಂಗಿ. ನವೆಂಬರಿನ ಒಂದು ಶನಿವಾರ ಇಟ್ಟುಕೊಳ್ಳಿ, ಮಳೆ ಬಿಟ್ಟಿರುತ್ತದೆ, ಪರೀಕ್ಷೆ ಹತ್ತಿರ ಇರುವುದಿಲ್ಲ.

ಕ್ರಮ ಹೀಗೆ. ಆರು ವಾರ ಮೊದಲು ದುಡ್ಡು ಯಾವುದಕ್ಕೆ ಎಂದು ತೀರ್ಮಾನಿಸಿ. ‘ಬಡವರಿಗೆ’ ಎಂದು ಎಲ್ಲೂ ಬರೆಯಬೇಡಿ, ಓದುವವರಲ್ಲಿ ಅರ್ಧ ಮಂದಿ ಅವರೇ. ‘ಶಾಲೆಯ ಸೇವಾ ನಿಧಿಗೆ’ ಸಾಕು. ನಾಲ್ಕು ವಾರ ಮೊದಲು ಸ್ಟಾಲುಗಳನ್ನು ಚೀಟಿ ಎತ್ತಿ ಹಂಚಿ. ಇಲ್ಲದಿದ್ದರೆ ಎಲ್ಲರಿಗೂ ಚುರುಮುರಿಯೇ ಬೇಕು. ಚುರುಮುರಿ, ಗೋಳಿಬಜೆ, ಕಲ್ತಪ್ಪ, ಮಜ್ಜಿಗೆ, ರಿಂಗ್ ಎಸೆತ, ಹೊಲಿಗೆ ಕ್ಲಾಸಿನ ಕಸೂತಿ ಕರವಸ್ತ್ರ, ಹಳೆ ಕತೆಪುಸ್ತಕ. ಕ್ರಿಸ್‌ಮಸ್ ಹತ್ತಿರವಾದರೆ ಬೋರ್ಡಿಂಗ್ ಅಡಿಗೆಮನೆಯ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು: ನೆವ್ರೆಯೊ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ. ಕುಸ್ವಾರ್ ಒಂದೇ ಸ್ಟಾಲು ಉಳಿದೆಲ್ಲದರಷ್ಟು ದುಡ್ಡು ತರುತ್ತದೆ, ಮಧ್ಯಾಹ್ನದೊಳಗೆ ಖಾಲಿ. ತೆಂಗಿನಕಾಯಿ ಚಟ್ನಿ ಹನ್ನೊಂದು ಗಂಟೆಯ ನಂತರ ಇಡಬೇಡಿ. ಎಣ್ಣೆಯ ಬಾಣಲೆಯ ಹತ್ತಿರ ಹುಡುಗಿಯರ ಬದಲು ತಾಯಂದಿರು ನಿಲ್ಲಲಿ.

ಲಕ್ಕಿ ಡ್ರಾ ಎಂದು ಟಿಕೆಟ್ ಪುಸ್ತಕ ಅಚ್ಚು ಹಾಕಿಸಿ, ಒಬ್ಬೊಬ್ಬಳಿಗೆ ಇಪ್ಪತ್ತು ಟಿಕೆಟ್ ಮಾರಲು ಕೊಡುವ ಅಭ್ಯಾಸ ಬಹಳ ಶಾಲೆಗಳಲ್ಲಿತ್ತು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಆ ಗೊಡವೆಯೇ ಬೇಡ. ಕಾನೂನು ಹಾಗಿರಲಿ, ಮಾರಲಾಗದ ಟಿಕೆಟ್ಟಿನ ದುಡ್ಡು ಯಾರ ತಾಯಿಯ ಸೆರಗಿನ ಗಂಟಿನಿಂದ ಬರುತ್ತದೆ ಎಂದು ಯೋಚಿಸಿ.

ಇನ್ನು ಕೂಪನ್. ಫೇರಿನಲ್ಲಿ ನಗದು ಓಡಾಡಬಾರದು; ಐದು, ಹತ್ತು ರೂಪಾಯಿಯ ಬಣ್ಣದ ಕೂಪನ್ ಮಾಡಿ. ಹಿಂದಿನ ದಿನ ಕೊನೆಯ ಪಿರಿಯಡ್‌ನಲ್ಲಿ ಶಾಲೆಯ ಪ್ರತಿಯೊಬ್ಬ ಹುಡುಗಿಗೂ ಮೂವತ್ತು ರೂಪಾಯಿಯ ಕೂಪನ್ ನಿಧಿಯಿಂದಲೇ ಕೊಡಿ, ಎಲ್ಲರಿಗೂ ಒಂದೇ ಲಕೋಟೆ. ಹೆಚ್ಚು ಬೇಕಾದವರು ಕೌಂಟರಿನಲ್ಲಿ ಕೊಳ್ಳಲಿ. ಆಡಳಿತದವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ನಾನೂರು ಮಕ್ಕಳಾದರೆ ಹನ್ನೆರಡು ಸಾವಿರ ನಾವೇ ಕೊಟ್ಟ ಹಾಗಾಯಿತಲ್ಲ ಎನ್ನುತ್ತಾರೆ. ಆ ಕೂಪನ್ ನಮ್ಮದೇ ಸ್ಟಾಲಿಗೆ ವಾಪಸ್ ಬರುತ್ತದೆ, ನಿಜವಾಗಿ ಖರ್ಚಾಗುವುದು ಮಂಡಕ್ಕಿ, ಈರುಳ್ಳಿ, ಎಣ್ಣೆಯ ಬೆಲೆ ಮಾತ್ರ ಎಂದು ಕಾಗದದ ಮೇಲೆ ಬರೆದು ತೋರಿಸಿ. ಕೂಪನ್ ಶುರು ಮಾಡುವ ಮೊದಲು ಫೇರಿನ ದಿನ ಲೈಬ್ರರಿಯಲ್ಲಿ ಕೂತು ಓದುವ ಹುಡುಗಿಯರು ಪ್ರತಿ ವರ್ಷ ಇರುತ್ತಿದ್ದರು. ಅವರಿಗೆ ಓದಿನ ಹುಚ್ಚು ಎಂದು ನಾವು ತಿಳಿದಿದ್ದೆವು.

ವೃದ್ಧಾಶ್ರಮಕ್ಕೆ ಹೋಗುವಾಗ

ಇಡೀ ಕ್ಲಾಸನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಹೋಗಬೇಡಿ. ಎಂಟು ಹುಡುಗಿಯರು, ಇಬ್ಬರು ದೊಡ್ಡವರು, ತಿಂಗಳಿಗೊಮ್ಮೆ, ಅದೇ ಮನೆಗೆ. ಒಂದು ವಾರ ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳಿ. ಡಿಸೆಂಬರಿನಲ್ಲಿ ಅವರಿಗೆ ಕೇಕು, ಬ್ರೆಡ್ಡು, ಕಿತ್ತಳೆ ಹಣ್ಣು ರಾಶಿ ಬಿದ್ದಿರುತ್ತದೆ. ಫೆಬ್ರವರಿಯಲ್ಲಿ ಯಾರೂ ಕೇಳುವವರಿಲ್ಲ. ಸಿಗದಿರುವುದು ದೊಡ್ಡವರ ಡೈಪರ್, ತೆಂಗಿನೆಣ್ಣೆ, ಹಳೆ ಹತ್ತಿ ಸೀರೆ, ಮೊಬೈಲ್ ರಿಚಾರ್ಜ್.

ಮಧ್ಯಾಹ್ನ ಎರಡು ಗಂಟೆಗೆ ಅಜ್ಜಿಯರನ್ನು ನಿದ್ದೆಯಿಂದ ಎಬ್ಬಿಸಿ ಡ್ಯಾನ್ಸ್ ತೋರಿಸುವುದು ಯಾರ ಸೇವೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಉಗುರು ಕತ್ತರಿಸಲಿ, ತಲೆಗೆ ಎಣ್ಣೆ ಹಾಕಿ ಬಾಚಲಿ, ಪೇಪರ್ ಓದಿ ಹೇಳಲಿ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಹುಡುಗಿಯರು ಒಬ್ಬೊಬ್ಬರಾದರೂ ಇರುವಂತೆ ನೋಡಿ. ವಯಸ್ಸಾದಂತೆ ಕೆಲವರಿಗೆ ಮನೆಮಾತು ಮಾತ್ರ ಉಳಿಯುತ್ತದೆ. ನಮ್ಮ ಎಂಟನೇ ಕ್ಲಾಸಿನ ಒಬ್ಬಳು ಯಾವ ಸ್ಪರ್ಧೆಯಲ್ಲೂ ಹೆಸರು ಕೊಟ್ಟವಳಲ್ಲ. ಆದರೆ ಮೂರು ತಿಂಗಳಿಂದ ಬಾಯಿಬಿಡದ ಅಜ್ಜಿಯೊಬ್ಬರ ಹತ್ತಿರ ಕೂತು, “ಅಜ್ಜೀ, ಒಣಸ್ ಆಂಡಾ?” (ಊಟ ಆಯ್ತಾ?) ಎಂದು ತುಳುವಿನಲ್ಲಿ ಕೇಳಿದಳು. ಅಜ್ಜಿ ಅವತ್ತಿನ ಸಾರಿಗೆ ಉಪ್ಪು ಸಾಲದೆಂದು ಅರ್ಧ ಗಂಟೆ ಬೈದರು.

ಫೋಟೊ ಬೇಡ. ಮಕ್ಕಳ ಆಶ್ರಮಕ್ಕೆ ಹೋದರಂತೂ ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನಂತೆ ಆರೈಕೆ, ರಕ್ಷಣೆ ಬೇಕಿರುವ ಮಕ್ಕಳ ಗುರುತು ತಿಳಿಯುವ ಹೆಸರು, ಚಿತ್ರ ಪ್ರಕಟಿಸುವುದು ಅಪರಾಧ. ಸ್ಟೇಟಸ್‌ಗೆ ಹಾಕಿದ್ದು ಎಂದು ಜಾರಿಕೊಳ್ಳಲು ಆಗುವುದಿಲ್ಲ. ಹುಡುಗಿಯರ ಫೋನು ಆಫೀಸಿನಲ್ಲೇ ಇರಲಿ, ನಿಮ್ಮದೂ ಬ್ಯಾಗಿನೊಳಗಿರಲಿ.

ಶನಿವಾರದ ಅರ್ಜಿ ಮೇಜು

ನಿಜವಾದ ದೊಡ್ಡ ದುಡ್ಡು ಡಬ್ಬದಲ್ಲಿಲ್ಲ, ಅರ್ಜಿ ಫಾರಂಗಳಲ್ಲಿದೆ. ಇದು ನನಗೆ ಬಹಳ ತಡವಾಗಿ ತಿಳಿಯಿತು. ಎಂಟನೇ ಕ್ಲಾಸಿನಲ್ಲಿ ಬರೆಯುವ, ಕೇಂದ್ರ ಸರಕಾರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಪಾಸಾಗಿ ಆಯ್ಕೆಯಾದವಳಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಪೋಷಕರ ಆದಾಯ ವರ್ಷಕ್ಕೆ 3.5 ಲಕ್ಷದೊಳಗಿರಬೇಕು, ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು. ತಾಯಿಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ, ಅಪ್ಪ ನೋಂದಾಯಿತ ಕಟ್ಟಡ ಕಾರ್ಮಿಕರಾದರೆ ಮಕ್ಕಳ ಓದಿಗೆ ಸಹಾಯಧನ ಕೊಡುವ ರಾಜ್ಯದ ಕಲಿಕಾ ಭಾಗ್ಯ. ಉಳಿದ ಬಹಳಷ್ಟು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿವೆ.

ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಕಂಪ್ಯೂಟರ್ ಕೋಣೆ ತೆರೆದಿಡಿ. ಹತ್ತನೇ ಕ್ಲಾಸಿನ ಇಬ್ಬರು ಟೈಪ್ ಮಾಡಲಿ, ತಾಯಂದಿರು ದಾಖಲೆ ಹಿಡಿದು ಬರಲಿ. ಹತ್ತರಲ್ಲಿ ನಾಲ್ಕು ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ: ಆಧಾರಿನಲ್ಲಿ ಇನಿಶಿಯಲ್ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ. ಒಂದರಲ್ಲಿ ‘ಡಿಸೋಜ’, ಇನ್ನೊಂದರಲ್ಲಿ ‘ಡಿಸೋಜಾ’. ಜೂನ್ ತಿಂಗಳಲ್ಲೇ ಎಲ್ಲರ ಆಧಾರ್ ಪ್ರತಿ ತರಿಸಿ ಶಾಲಾ ದಾಖಲೆಯೊಂದಿಗೆ ಹೋಲಿಸಿಟ್ಟರೆ ಅಕ್ಟೋಬರಿನ ಅರ್ಧ ಗೋಳು ತಪ್ಪುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದೂ ಆಗಲೇ ನೋಡಿ. ಈ ಮೇಜಿಗೆ ಬರಲು ಯಾರೂ ನಾಚುವುದಿಲ್ಲ. ಅರ್ಜಿ ಹಾಕುವುದು ಹಕ್ಕು, ಬೇಡುವುದಲ್ಲ ಎಂದು ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಕೊಡುವ ಕ್ರಮ, ಕಪಾಟು

ನೋಟ್‌ಬುಕ್ ಪ್ರಕರಣದ ನಂತರ ನಾವು ಸೀಲು ಹೊಡೆದದ್ದನ್ನು ತೆಗೆದುಕೊಳ್ಳುವುದೇ ಬಿಟ್ಟೆವು. ದಾನಿಗಳಿಗೆ ಸಿಟ್ಟು ಬಂತು, ಒಬ್ಬರು ಬರುವುದನ್ನೇ ನಿಲ್ಲಿಸಿದರು, ನಿಲ್ಲಿಸಲಿ. ಫೀಸಾದರೆ ನೇರವಾಗಿ ಆಫೀಸಿಗೆ ಕಟ್ಟಿ ರಸೀದಿಯನ್ನು ಮಾಮೂಲಿಯಂತೆ ಹುಡುಗಿಯ ಕೈಗೆ ಕೊಡಿ. ಅಕ್ಕಿಯನ್ನು ಸಂಜೆ ಬೋರ್ಡಿಂಗ್‌ನ ಹಿಂಬಾಗಿಲಿನಿಂದ ತಾಯಿಯೇ ಒಯ್ಯಲಿ. ಸ್ಯಾನಿಟರಿ ಪ್ಯಾಡಿನ ಕಪಾಟಿಗೆ ಬೀಗವೂ ಬೇಡ, ರಿಜಿಸ್ಟರೂ ಬೇಡ. ಟಾಯ್ಲೆಟ್ಟಿನ ಒಳಗೇ ಇಡಿ. ಸರಕಾರದ ‘ಶುಚಿ’ ಯೋಜನೆಯ ಪ್ಯಾಡು ಬಂದರೆ ಅದನ್ನೂ ಅಲ್ಲೇ ತುಂಬಿಸಿ. ಮೊದಲ ವಾರ ಖಾಲಿಯಾಗುತ್ತದೆ, ಎರಡನೇ ವಾರವೂ ಖಾಲಿಯಾಗುತ್ತದೆ. ಸಿಸ್ಟರ್ ಚಿಂತೆ ಮಾಡುತ್ತಾರೆ. ಮೂರನೇ ತಿಂಗಳಿಗೆ ಸರಿಹೋಗುತ್ತದೆ. ಯಾವಾಗಲೂ ಇರುತ್ತದೆ ಎಂದು ಗೊತ್ತಾದ ಮೇಲೆ ಯಾರೂ ಕೂಡಿಡುವುದಿಲ್ಲ.

ಅನುದಾನಿತ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಸರಕಾರದಿಂದ ಬರುತ್ತದೆ, ಯೂನಿಫಾರ್ಮ್ ಬರುವುದಿಲ್ಲ. ಹಾಗಾಗಿ ವರ್ಷದ ಕೊನೆಯ ಕೆಲಸ ಬಟ್ಟೆಯದು. ಹತ್ತನೇ ಕ್ಲಾಸಿನವರು ಕೊನೆಯ ಪರೀಕ್ಷೆ ಮುಗಿಸಿ ಹೋಗುವಾಗ ಯೂನಿಫಾರ್ಮ್ ಬಿಟ್ಟುಹೋಗುತ್ತಾರೆ. ಶಾಯಿ ಕಲೆ ಇದ್ದದ್ದು, ಮೊಣಕೈ ಸವೆದದ್ದು ನೆಲ ಒರೆಸಲು. ಒಳ್ಳೆಯದನ್ನು ಒಗೆದು, ಇಸ್ತ್ರಿ ಹಾಕಿ, ಬೇಸಗೆ ರಜೆಯಲ್ಲಿ ದರ್ಜಿಯಿಂದ ಅಳತೆಗೆ ತಕ್ಕಂತೆ ಮಡಿಕೆ ಬಿಚ್ಚಿಸಿ, ಜೂನ್‌ನಲ್ಲಿ ಹೊಸ ಬಟ್ಟೆಯ ಜೊತೆಗೇ ಅದೇ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ.

ಬೋರ್ಡಿಂಗ್ ಮಕ್ಕಳ ಬಟ್ಟೆಯಾದರೆ ಒಂದು ಕೆಲಸ ಹೆಚ್ಚು. ಒಗೆಯಲು ಹಾಕಿದಾಗ ಅದಲುಬದಲಾಗದಂತೆ ಕಾಲರಿನ ಒಳಗೆ ಕೆಂಪು ದಾರದಲ್ಲಿ ಅವರ ನಂಬರ್ ಹೊಲಿದಿರುತ್ತಾರೆ. 47, 112, ಹೀಗೆ. ಕತ್ತರಿ ಹಾಕಬೇಡಿ, ಬಟ್ಟೆಗೆ ತಾಗುತ್ತದೆ. ಹಿಂಬದಿಯಿಂದ ಸೂಜಿಯ ಮೊನೆಯಲ್ಲಿ ಒಂದೊಂದೇ ಹೊಲಿಗೆ ಎತ್ತಿ ಬಿಡಿಸಿ, ಉಳಿದ ಎಳೆಯನ್ನು ಉಗುರಿನಲ್ಲಿ ತೆಗೆಯಿರಿ. ಸೂಜಿ ಹೋದ ತೂತುಗಳ ಸಾಲು ಆಗಲೂ ಕಾಣುತ್ತದೆ, ಬಿಸಿಲಿಗೆ ಹಿಡಿದರೆ ನಂಬರನ್ನೂ ಓದಬಹುದು. ನೀರು ಚಿಮುಕಿಸಿ ಬೆರಳಿನಿಂದ ಅಡ್ಡಡ್ಡ ತಿಕ್ಕಿ, ಇನ್ನೆರಡು ಸಲ ಒಗೆಯಿರಿ. ಆಮೇಲೆ ಕಾಣುವುದಿಲ್ಲ.